ಹಳೇ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಕಂಟ್ರೋಲರ್ ಕಾರ್ಡು: ಕೊಳ್ಳುವ ಮೊದಲು ಏನೇನು ನೋಡಬೇಕು?

ಬದಿಯಡ್ಕದ ಹತ್ತಿರ ನನ್ನ ದೊಡ್ಡಪ್ಪನ ಮನೆಯಲ್ಲಿ 2003ರಲ್ಲಿ ಕೊಂಡ ಕಂಪ್ಯೂಟರ್ ಇನ್ನೂ ಉಂಟು. ಪೆಂಟಿಯಂ 4 ಪ್ರೊಸೆಸರ್, ಇಂಟೆಲ್ 845ಜಿವಿ ಮದರ್‌ಬೋರ್ಡು, 512 ಎಂಬಿ ಮೆಮೊರಿ, 40 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. "ಇದನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಅಂತ ಬಂದವರೆಲ್ಲ ಹೇಳುತ್ತಾರೆ. ಆದರೆ ಅದರೊಳಗೆ ಇಪ್ಪತ್ತು ವರ್ಷದ ಅಡಿಕೆ ತೋಟದ ಲೆಕ್ಕ ಇದೆ. ದೊಡ್ಡಪ್ಪ ಕೂತು ಟೈಪ್ ಮಾಡಿದ ಯಕ್ಷಗಾನ ಪ್ರಸಂಗಗಳ ಪದ್ಯ ಇದೆ. ಪೇಜ್‌ಮೇಕರಿನಲ್ಲಿ ಮಾಡಿದ ಊರಿನವರ ಮದುವೆ, ಉಪನಯನದ ಕಾಗದಗಳಿವೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟಿನಲ್ಲಿ ಮಾಡಿದ ಫೈಲುಗಳು ಅವು. ಆ ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಆ ಕಂಪ್ಯೂಟರ್ ಆ ಮನೆಗೆ ಬೇಕು.

ಕಳೆದ ಮಳೆಗಾಲದಲ್ಲಿ ಅದರ ಡಿಸ್ಕು "ಟಕ್, ಟಕ್" ಅನ್ನಲು ಶುರುಮಾಡಿತು. ಹಾಗೆ ಶಬ್ದ ಬಂದರೆ ಡಿಸ್ಕಿಗೆ ಹೆಚ್ಚು ದಿನ ಇಲ್ಲ ಅಂತ ಅರ್ಥ. ಅದು ಅಗಲ ಪಟ್ಟಿಯ ಕೇಬಲಿನ ಐಡಿಇ ಡಿಸ್ಕ್. ಅಂಥದ್ದು ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವುದಿಲ್ಲ. ಸಿಗುವುದೆಲ್ಲ ಸಣ್ಣ ಕೇಬಲಿನ ಸಾಟಾ. ಬೋರ್ಡಿನಲ್ಲಿ ಸಾಟಾ ಪೋರ್ಟೇ ಇಲ್ಲ. ಮಧ್ಯೆ ಒಂದು ಕಂಟ್ರೋಲರ್ ಕಾರ್ಡು, ಅಂದರೆ ಬೋರ್ಡಿನ ಸ್ಲಾಟಿಗೆ ಕೂರಿಸಿ ಡಿಸ್ಕನ್ನು ಜೋಡಿಸುವ ಸಣ್ಣ ಕಾರ್ಡು, ಬೇಕಾಯಿತು. ಅದನ್ನು ಹುಡುಕಿ, ಆರಿಸಿ, ಕೂರಿಸಿ, ಒಮ್ಮೆ ತಪ್ಪಿ, ಮತ್ತೆ ಸರಿಮಾಡಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಾಸರಗೋಡಿನ ಕಡೆ ಇಂಥ ಕಂಪ್ಯೂಟರ್‌ಗಳು ಎಷ್ಟೋ ಮನೆಗಳಲ್ಲಿ, ಸಣ್ಣ ಡಿಟಿಪಿ ಅಂಗಡಿಗಳಲ್ಲಿ, ದೇವಸ್ಥಾನದ ಆಫೀಸುಗಳಲ್ಲಿ ಇನ್ನೂ ಇವೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಾರ್ಡಿನ ಪೆಟ್ಟಿಗೆ ಮೇಲೆ ಬರೆದ ವೇಗ ನೋಡಿ ಕೊಳ್ಳಬೇಡಿ. ನಿಮ್ಮ ಬೋರ್ಡಿನಲ್ಲಿ ಯಾವ ಸ್ಲಾಟ್ ಉಂಟು, ಕಾರ್ಡಿನ ಚಿಪ್ಪಿಗೆ ನಿಮ್ಮ ವಿಂಡೋಸಿನಲ್ಲಿ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಉಂಟಾ, ಆ ಕಾರ್ಡಿನಿಂದ ಕಂಪ್ಯೂಟರ್ ಬೂಟ್ ಆಗುತ್ತದಾ (ವಿಂಡೋಸ್ ಶುರುವಾಗುತ್ತದಾ), ಈ ಮೂರನ್ನು ನೋಡಿ. ಉಳಿದದ್ದು ಆಮೇಲೆ.

ಹೆಜ್ಜೆ 1: ಯಾವುದನ್ನೂ ಮುಟ್ಟುವ ಮೊದಲು ಫೈಲು ಉಳಿಸಿ

ಡಿಸ್ಕ್ ಇನ್ನೂ ಓದುತ್ತಿದೆ ಅಂದರೆ ಇವತ್ತೇ ಕಾಪಿ ತೆಗೆಯಿರಿ. ಕಾರ್ಡು ನಾಳೆ ಬಂದರೂ ಆಯಿತು.

ಹಳೇ ಕಂಪ್ಯೂಟರಿನ ಯುಎಸ್‌ಬಿಯಲ್ಲೇ ಪೆನ್‌ಡ್ರೈವ್ ಹಾಕಿ ತೆಗೆಯಬಹುದು, ಅದು ಯುಎಸ್‌ಬಿ 2.0 ಆಗಿದ್ದರೆ. 2001ರ ಸುಮಾರಿನ ಬೋರ್ಡುಗಳಲ್ಲಿ ಯುಎಸ್‌ಬಿ 1.1 ಮಾತ್ರ. ಅದರಲ್ಲಿ ಸೆಕೆಂಡಿಗೆ ಸುಮಾರು 1 ಎಂಬಿ ಹೋಗುತ್ತದೆ. 40 ಜಿಬಿ ಕಳಿಸಲು ಹನ್ನೊಂದು ಗಂಟೆ ದಾಟುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅಷ್ಟು ಹೊತ್ತು ಕೆಲಸ ಕೊಡಬಾರದು. ಐಡಿಇಯಿಂದ ಯುಎಸ್‌ಬಿಗೆ ಮಾಡುವ ಅಡಾಪ್ಟರ್ ಒಂದು ತಂದು, ಡಿಸ್ಕನ್ನು ಹೊರಗೆ ತೆಗೆದು, ಬೇರೆ ಲ್ಯಾಪ್‌ಟಾಪಿಗೆ ಸಿಕ್ಕಿಸುವುದೇ ಒಳ್ಳೆಯದು.

ನಮ್ಮ ಮನೆಯಲ್ಲಿ ಈ ಕೆಲಸ ಮಾಡಿದ್ದು ಅಣ್ಣನ ಮಗಳು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ವಿಂಡೋಸಿನ ಬದಲು ಬಳಸುವ ಉಚಿತ ಲಿನಕ್ಸ್‌ನಲ್ಲಿ, ಅಲ್ವಾ? ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಹಾಗಾಗಿ ಉಬುಂಟು ಅಂದರೆ ಅವಳಿಗೆ ಹೆದರಿಕೆ ಇಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ಡಿಡಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶ ಹಾಕಿದೆವು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವ ಭಾಗವನ್ನೆಲ್ಲ ತೆಗೆದುಕೊಳ್ಳುತ್ತದೆ, ಕೆಟ್ಟ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಬಿಟ್ಟ ಜಾಗಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಕೊನೆಗೆ ಅವುಗಳನ್ನು ಮಾತ್ರ ಮತ್ತೆ ಓದಲು ನೋಡುತ್ತದೆ. ಸಾಧಾರಣ ಕಾಪಿ-ಪೇಸ್ಟ್ ಹಾಗಲ್ಲ. ಒಂದು ಕೆಟ್ಟ ಜಾಗ ಸಿಕ್ಕಿದರೆ ಅಲ್ಲೇ ನಿಂತು ಡಿಸ್ಕನ್ನು ಹಿಂಸೆ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯಾವುದರಿಂದ ಯಾವುದಕ್ಕೆ ಕಾಪಿ ಅನ್ನುವುದನ್ನು ಎರಡು ಸಲ ಓದಿ, ಇನ್ನೊಬ್ಬರಿಗೂ ತೋರಿಸಿ, ಆಮೇಲೆ ಎಂಟರ್ ಒತ್ತಿ. ತಿರುಗಮುರುಗ ಆದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಬಿಡುತ್ತದೆ. ತುಲಾ ತಿಂಗಳ ಸಿಡಿಲಿನ ಹೊತ್ತಿಗೆ, ಕರೆಂಟು ಬಂದು ಹೋಗುವ ಸಂಜೆಗೆ ಈ ಕೆಲಸಕ್ಕೆ ಕೂರಬೇಡಿ. ಬೆಳಿಗ್ಗೆ ಮಾಡಿ.

ಹೆಜ್ಜೆ 2: ಕಾರ್ಡು ನಿಜಕ್ಕೂ ಬೇಕಾ ನೋಡಿ

"ಕಂಪ್ಯೂಟರ್ ತುಂಬ ನಿಧಾನ, ಕಾರ್ಡು ಹಾಕಿದರೆ ಸರಿಯಾಗಬಹುದು" ಅಂತ ಕೆಲವರು ಕೇಳುತ್ತಾರೆ. ನಿಧಾನ ಮಾತ್ರ ತೊಂದರೆಯಾದರೆ ಮೊದಲು ಇದನ್ನು ನೋಡಿ. ಎಕ್ಸ್‌ಪಿಯಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಐಡಿಇ ಕಂಟ್ರೋಲರ್ ಅನ್ನುವ ಕಡೆ ಪ್ರೈಮರಿ ಚಾನೆಲ್ ಮೇಲೆ ಎರಡು ಸಲ ಒತ್ತಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿ. ಅಲ್ಲಿ ಈಗಿನ ಮೋಡ್ 'ಅಲ್ಟ್ರಾ ಡಿಎಂಎ' ಅಂತ ಇರಬೇಕು, ಅದು ವೇಗದ್ದು. ನಿಧಾನದ 'ಪಿಐಒ' ಅಂತ ಇದ್ದರೆ ಕಾಯಿಲೆ ಸಿಕ್ಕಿತು. ಓದುವಾಗ ಮತ್ತೆ ಮತ್ತೆ ತಪ್ಪು ಬಂದರೆ ಎಕ್ಸ್‌ಪಿ ತಾನಾಗಿಯೇ ವೇಗ ಇಳಿಸುತ್ತಾ ಹೋಗಿ ಕೊನೆಗೆ ಪಿಐಒಗೆ ಬಂದು ನಿಲ್ಲುತ್ತದೆ. ಆಮೇಲೆ ತಾನಾಗಿ ಮೇಲೆ ಹತ್ತುವುದಿಲ್ಲ. ಕೇಬಲ್ ಬದಲಿಸಿ, ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಡಿಎಂಎಗೆ ತರುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ. ಕೇಬಲ್ ಬದಲಿಸುವಾಗ 80 ಎಳೆಯದ್ದನ್ನೇ ಹಾಕಿ. 40 ಎಳೆಯ ಹಳೇ ಕೇಬಲಿನಲ್ಲಿ ಸೆಕೆಂಡಿಗೆ 33 ಎಂಬಿಗಿಂತ ಮೇಲಿನ ಮೋಡ್ ನಡೆಯುವುದಿಲ್ಲ. 80ರದ್ದರಲ್ಲಿ ಎಳೆಗಳು ಸಣ್ಣ, ಒತ್ತೊತ್ತಾಗಿ ಇರುತ್ತವೆ, ಕೈಯಲ್ಲಿ ಸವರಿದರೆ ಗೊತ್ತಾಗುತ್ತದೆ.

ಎರಡನೆಯದು, ಬೋರ್ಡಿನಲ್ಲೇ ಸಾಟಾ ಇದೆಯಾ ನೋಡಿ. 2003ರಲ್ಲಿ ಬಂದ ಇಂಟೆಲ್ 865 ಬೋರ್ಡುಗಳಲ್ಲೇ ಎರಡು ಸಾಟಾ ಪೋರ್ಟ್ ಇರುತ್ತಿತ್ತು. ಆಗ ಡಿಸ್ಕ್ ಐಡಿಇ ಕೊಟ್ಟಿದ್ದರಿಂದ ಆ ಪೋರ್ಟು ಇಪ್ಪತ್ತು ವರ್ಷ ಖಾಲಿಯೇ ಇರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬೆರಳಿನ ಉಗುರಿನಷ್ಟು ಅಗಲ, ಒಳಗೆ 'ಎಲ್' ಆಕಾರದ ನಾಲಿಗೆ. ಅದು ಇದ್ದರೆ ಕಾರ್ಡಿನ ಖರ್ಚು ಉಳಿಯಿತು.

ಮೂರನೆಯದು ಸಾಟಾದಿಂದ ಐಡಿಇಗೆ ಮಾಡುವ ಸಣ್ಣ ಅಡಾಪ್ಟರ್. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬೋರ್ಡು. ಸಾಟಾ ಡಿಸ್ಕಿನ ಹಿಂದೆ ಸಿಕ್ಕಿಸಿ, ಹಳೇ ಐಡಿಇ ಕೇಬಲನ್ನೇ ಅದಕ್ಕೆ ಹಾಕುವುದು. ಕಂಪ್ಯೂಟರಿಗೆ ಅದು ಐಡಿಇ ಡಿಸ್ಕಿನ ಹಾಗೇ ಕಾಣುತ್ತದೆ. ಡ್ರೈವರ್ ಬೇಡ, ಬೂಟ್ ತಾಪತ್ರಯ ಇಲ್ಲ. ಬೋರ್ಡಿನ ಐಡಿಇ ಚೆನ್ನಾಗಿದ್ದು, ಒಂದು ಡಿಸ್ಕ್ ಬದಲಿಸುವುದು ಮಾತ್ರ ಆದರೆ ನಾನು ಇದನ್ನೇ ಹೇಳುತ್ತೇನೆ. ಕೊಳ್ಳುವಾಗ ದಿಕ್ಕು ನೋಡಿ. ಐಡಿಇ ಡಿಸ್ಕನ್ನು ಸಾಟಾ ಬೋರ್ಡಿಗೆ ಹಾಕುವ ತರದ್ದು ಬೇರೆ, ಸಾಟಾ ಡಿಸ್ಕನ್ನು ಐಡಿಇ ಬೋರ್ಡಿಗೆ ಹಾಕುವ ತರದ್ದು ಬೇರೆ. ಎರಡೂ ಕಡೆ ನಡೆಯುವಂಥದ್ದೂ ಉಂಟು, ಅದರಲ್ಲಿ ಒಂದು ಸಣ್ಣ ಜಂಪರ್ (ಎರಡು ಪಿನ್ನು ಸೇರಿಸುವ ತುಂಡು) ಬದಲಿಸಬೇಕು.

ಹಾಗಾದರೆ ಕಾರ್ಡು ಯಾವಾಗ ಬೇಕು? ಐಡಿಇ ಚಾನೆಲ್ ಕೆಟ್ಟಿದ್ದರೆ. ಎರಡು ಮೂರು ಡಿಸ್ಕ್ ಹೆಚ್ಚು ಹಾಕಬೇಕಾದರೆ. ಬೋರ್ಡಿನ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನದ್ದೇ ತಂತ್ರಾಂಶ) ದೊಡ್ಡ ಡಿಸ್ಕನ್ನು ಗುರುತಿಸದಿದ್ದರೆ. ದೊಡ್ಡಪ್ಪನ ಬೋರ್ಡಿನಲ್ಲಿ ಒಂದು ಸಿಡಿಲಿನ ನಂತರ ಎರಡನೇ ಐಡಿಇ ಚಾನೆಲ್ ಸತ್ತುಹೋಗಿತ್ತು. ಮೊದಲನೆಯದರಲ್ಲಿ ಡಿಸ್ಕ್ ಮತ್ತು ಸಿಡಿ ಡ್ರೈವ್ ಎರಡೂ ಇದ್ದವು. ಜಾಗ ಇರಲಿಲ್ಲ.

ಹೆಜ್ಜೆ 3: ಮುಚ್ಚಳ ತೆಗೆದು ಸ್ಲಾಟ್ ನೋಡಿ

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ. ಒಳಗೆ ಉಳಿದ ಕರೆಂಟು ಹೋಗುತ್ತದೆ. ಪೆಟ್ಟಿಗೆಯ ಕಬ್ಬಿಣವನ್ನು ಕೈಯಲ್ಲಿ ಮುಟ್ಟಿ, ಆಮೇಲೆ ಬೋರ್ಡನ್ನು ಮುಟ್ಟಿ.

ಉದ್ದದ ಬಿಳಿ ಸ್ಲಾಟುಗಳು ಪಿಸಿಐ. 2003ರ ಬೋರ್ಡುಗಳಲ್ಲಿ ಇವೇ ಇರುವುದು. ಬೋರ್ಡಿನ ಅಂಚಿನಿಂದ ಸ್ವಲ್ಪ ಒಳಗೆ ಸರಿದ ಕಂದು ಸ್ಲಾಟು ಎಜಿಪಿ, ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ. ಕೆಲವು ಬೋರ್ಡುಗಳಲ್ಲಿ ಒಂದು ಮೂಲೆಯಲ್ಲಿ ಗಿಡ್ಡ ಕಂದು ಸ್ಲಾಟ್ ಇರುತ್ತದೆ. ಅದು ಸಿಎನ್‌ಆರ್, ಆ ಕಾಲದ ಮೋಡೆಮಿಗೆ. ಅದನ್ನು ನೋಡಿ 'ಪಿಸಿಐ ಎಕ್ಸ್‌ಪ್ರೆಸ್' ಅಂದುಕೊಂಡು ಕಾರ್ಡು ತರಿಸಿದವರು ನನಗೆ ಗೊತ್ತಿದ್ದಾರೆ. ಕಾರ್ಡು ಅದಕ್ಕೆ ಕೂರುವುದೇ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಮನೆ ಕಂಪ್ಯೂಟರುಗಳಿಗೆ ಬಂದದ್ದು 2004ರಲ್ಲಿ, ಇಂಟೆಲ್ 915ರ ಜೊತೆ. ನಿಮ್ಮ ಬೋರ್ಡು 845 ಅಥವಾ 865 ಆದರೆ ಆ ಸ್ಲಾಟು ಇಲ್ಲ. 945 ಆದರೆ ಉಂಟು, ಆದರೆ ಅದರಲ್ಲಿ ಸಾಟಾ ಪೋರ್ಟುಗಳೂ ಉಂಟು.

ಪಿಸಿಐ ಮತ್ತು ಪಿಸಿಐ ಎಕ್ಸ್‌ಪ್ರೆಸ್, ಹೆಸರು ಒಂದೇ ತರ ಇದ್ದರೂ ಒಂದಕ್ಕೊಂದು ಸಂಬಂಧ ಇಲ್ಲ. ಫೋನಿನಲ್ಲಿ ಕಾರ್ಡು ಹೇಳುವಾಗ "ಪಿಸಿಐ, ಉದ್ದದ್ದು, ಬಿಳಿ ಸ್ಲಾಟಿಗೆ" ಅಂತ ಬಿಡಿಸಿ ಹೇಳಿ. ಸ್ಲಾಟಿನ ಫೋಟೊ ಕಳಿಸುವುದು ಇನ್ನೂ ಒಳ್ಳೆಯದು.

ವೇಗದ ಲೆಕ್ಕ ಇಲ್ಲಿಯೇ ಮುಗಿಯುತ್ತದೆ. ಪಿಸಿಐಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 133 ಎಂಬಿ ಹೋಗುತ್ತದೆ. ಅದನ್ನು ಆ ಎಲ್ಲ ಬಿಳಿ ಸ್ಲಾಟುಗಳು ಹಂಚಿಕೊಳ್ಳಬೇಕು. ಹಾಗಿರುವಾಗ ಕಾರ್ಡಿನ ಮೇಲೆ 150 ಅಂತ ಇರಲಿ, 300 ಅಂತ ಇರಲಿ, ಬರುವುದು ನೂರರ ಆಸುಪಾಸು. ಜಾಸ್ತಿ ನಂಬರ್ ಇರುವ ಕಾರ್ಡಿಗೆ ಜಾಸ್ತಿ ದುಡ್ಡು ಕೊಡಬೇಡಿ. ದೊಡ್ಡಪ್ಪನ ಹಳೇ ಡಿಸ್ಕ್ ಕೊಡುತ್ತಿದ್ದದ್ದು ನಲವತ್ತು ಚಿಲ್ಲರೆ. ನೂರು ಅವರಿಗೆ ಬೇಕಾದಷ್ಟಾಯಿತು.

ಬೋರ್ಡು ನೋಡುವಾಗ ಇನ್ನೊಂದನ್ನೂ ನೋಡಿ. ಪ್ರೊಸೆಸರಿನ ಸುತ್ತ ಸಣ್ಣ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಅಂಟು ಸುರಿದಿದ್ದರೆ, ಕಾರ್ಡಿಗೆ ದುಡ್ಡು ಹಾಕುವ ಮೊದಲು ಅವುಗಳನ್ನು ಬದಲಿಸಬೇಕು. ಆ ಕಾಲದ ಬೋರ್ಡುಗಳಿಗೆ ಇದು ದೊಡ್ಡ ರೋಗ.

ಹೆಜ್ಜೆ 4: ಚಿಪ್ಪಿನ ಹೆಸರು ಓದಿ

ಕಾರ್ಡಿನ ಬ್ರಾಂಡು ಮುಖ್ಯ ಅಲ್ಲ. ನಡುವೆ ಕೂತ ಕಪ್ಪು ಚೌಕ ಚಿಪ್ಪು ಯಾವುದು ಅನ್ನುವುದೇ ಎಲ್ಲ. ಅಂಗಡಿಯಲ್ಲಿ ಕಾರ್ಡನ್ನು ಕೈಗೆ ತೆಗೆದುಕೊಂಡು, ಫೋನಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರವಾಗಿ ಬೆಳಕು ಬಿಟ್ಟರೆ ಅಕ್ಷರ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಬೂದು ಅಕ್ಷರಗಳು ಎದ್ದು ಬರುತ್ತವೆ. ಒಂದು ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಮೇಲೆ ಚೀಟಿ ಅಂಟಿಸಿದ್ದರೆ ಕೇಳಿ ಎತ್ತಿ ನೋಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಚಿತ್ರದಲ್ಲಿ ಚಿಪ್ಪಿನ ಹೆಸರು ಕಾಣದ ಕಾರ್ಡನ್ನು ತರಿಸಬೇಡಿ.

ಪಿಸಿಐ ಸ್ಲಾಟಿಗೆ ನನ್ನ ಆಯ್ಕೆ ಸಿಲಿಕಾನ್ ಇಮೇಜ್ ಕಂಪನಿಯ 3112 ಅಥವಾ 3512. ಎರಡು ಸಾಟಾ ಪೋರ್ಟು, ಹಳೇ ವಿಂಡೋಸಿಗೆ ಡ್ರೈವರ್ ಉಂಟು, ಲಿನಕ್ಸ್ ಏನೂ ಹಾಕದೆ ಗುರುತಿಸುತ್ತದೆ. ಅದೇ ಕಂಪನಿಯ 3114ರಲ್ಲಿ ನಾಲ್ಕು ಪೋರ್ಟು. ನಾಲ್ಕು ಡಿಸ್ಕ್ ಹಾಕುವವರಿಗೆ ಅದು, ಮನೆ ಬಳಕೆಗೆ ಎರಡು ಸಾಕು. ಈ ಕಾರ್ಡುಗಳ ಒಳಗಿನ ಬಯೋಸ್ ಎರಡು ತರ ಬರುತ್ತದೆ. ಒಂದು ರೈಡ್, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವುದು. ಇನ್ನೊಂದು ಸಾದಾ. ವಿಂಡೋಸ್ ಡ್ರೈವರ್ ಕೂಡ ಎರಡು ತರ. ಕಾರ್ಡಿನಲ್ಲಿ ರೈಡ್ ಬಯೋಸ್ ಇದ್ದರೆ ರೈಡ್ ಡ್ರೈವರ್, ಸಾದಾ ಇದ್ದರೆ ಸಾದಾ ಡ್ರೈವರ್. ಇದನ್ನು ಅದಲುಬದಲು ಮಾಡಿದರೆ ವಿಂಡೋಸ್ ಸುಮ್ನೆ ಹಳದಿ ಗುರುತು ತೋರಿಸುತ್ತಾ ಕೂರುತ್ತದೆ, ಕಾರ್ಡೇ ಕೆಟ್ಟಿದೆ ಅಂತ ನಮಗೆ ಅನ್ನಿಸುತ್ತದೆ.

ವಿಐಎ ಕಂಪನಿಯ ಚಿಪ್ಪು ಸಿಕ್ಕರೆ ಸ್ವಲ್ಪ ಯೋಚಿಸಿ. ಆ ಕಂಪನಿಯ 8237, 8237ಆರ್, 6420 ಮೊದಲಾದ ಹಳೇ ಚಿಪ್ಪುಗಳು ಆಮೇಲೆ ಬಂದ ವೇಗದ ಡಿಸ್ಕುಗಳ ಜೊತೆ ವೇಗ ಹೊಂದಿಸಿಕೊಳ್ಳುವುದಿಲ್ಲ. ಡಿಸ್ಕ್ ಸಿಕ್ಕಿಸಿದರೂ ಕಂಪ್ಯೂಟರಿಗೆ ಕಾಣುವುದಿಲ್ಲ. ಹಿಂದಿನ ಡಿಸ್ಕುಗಳಲ್ಲಿ ವೇಗ ಇಳಿಸಲು ಒಂದು ಜಂಪರ್ ಇರುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ, ಅಂದರೆ ಚಿಪ್ಪಿನಲ್ಲೇ ಫೈಲು ಇಡುವ ಡಿಸ್ಕುಗಳಲ್ಲಿ, ಅದೂ ಇಲ್ಲ. ಇವು ಹೆಚ್ಚಾಗಿ ಬೋರ್ಡಿನ ಮೇಲೇ ಇರುವ ಚಿಪ್ಪುಗಳು. ನಿಮ್ಮ ಬೋರ್ಡಿನಲ್ಲಿ ಸಾಟಾ ಇದ್ದೂ ಹೊಸ ಡಿಸ್ಕ್ ಕಾಣದಿದ್ದರೆ ಕಾರಣ ಇದಾಗಿರಬಹುದು. ಆಗ ಆ ಪೋರ್ಟು ಬಿಟ್ಟು ಪಿಸಿಐ ಕಾರ್ಡು ಹಾಕುವುದೇ ದಾರಿ.

ಹಳೇ ಐಡಿಇ ಡಿಸ್ಕುಗಳನ್ನೇ ಇನ್ನಷ್ಟು ಹಾಕಬೇಕು ಅನ್ನುವವರಿಗೆ ಪ್ರಾಮಿಸ್ ಅಲ್ಟ್ರಾ133 ಟಿಎಕ್ಸ್2, ಅಥವಾ ಸಿಲಿಕಾನ್ ಇಮೇಜ್ 0680 ಚಿಪ್ಪಿನ ಕಾರ್ಡು ಒಳ್ಳೆಯವು. ಈಗ ಸೆಕೆಂಡ್‌ಹ್ಯಾಂಡ್ ಮಾತ್ರ. ಸಿಡಿ ಡ್ರೈವನ್ನು ಇಂಥ ಕಾರ್ಡಿಗೆ ಹಾಕಬೇಡಿ, ಎಷ್ಟೋ ಕಾರ್ಡುಗಳು ಅದರ ಜೊತೆ ಸರಿಯಾಗಿ ಹೋಗುವುದಿಲ್ಲ. ಸಿಡಿ ಡ್ರೈವ್ ಬೋರ್ಡಿನ ಐಡಿಇಯಲ್ಲೇ ಇರಲಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇರುವವರಿಗೆ ಜೆಮೈಕ್ರಾನ್ 363 ಚಿಪ್ಪಿನದು ಅನುಕೂಲ, ಒಂದೇ ಕಾರ್ಡಿನಲ್ಲಿ ಎರಡು ಸಾಟಾ, ಒಂದು ಐಡಿಇ. ವಿಂಡೋಸ್ 7 ಅಥವಾ ಲಿನಕ್ಸ್ ಇದ್ದರೆ ಎಎಸ್‌ಮೀಡಿಯಾ 1061 ಸಾಕು.

ಹೆಜ್ಜೆ 5: ಆ ಕಾರ್ಡಿನಿಂದ ಬೂಟ್ ಆಗುತ್ತದಾ?

ಇದನ್ನು ಅಂಗಡಿಯವರು ಹೇಳುವುದಿಲ್ಲ. ಕಾರ್ಡಿನಲ್ಲಿ ದೊಡ್ಡ ಚಿಪ್ಪಿನ ಪಕ್ಕ ಇನ್ನೊಂದು ಚಿಪ್ಪು ಇರಬೇಕು. ಅದರಲ್ಲಿ ಕಾರ್ಡಿನದ್ದೇ ಬಯೋಸ್ ಇರುತ್ತದೆ. ಅದಿದ್ದರೆ ಕಂಪ್ಯೂಟರ್ ಆನ್ ಮಾಡಿದಾಗ ಬೋರ್ಡಿನ ಪರದೆ ಆದ ಮೇಲೆ ಕಾರ್ಡಿನ ಪರದೆ ಬರುತ್ತದೆ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತದೆ. ಅದು ಬಂದರೆ ಅರ್ಧ ಕೆಲಸ ಆಯಿತು. ಅಗ್ಗದ ಕೆಲವು ಕಾರ್ಡುಗಳಲ್ಲಿ ಆ ಚಿಪ್ಪಿನ ಜಾಗ ಖಾಲಿ ಇರುತ್ತದೆ, ಬೆಸುಗೆಯ ಚುಕ್ಕಿಗಳು ಮಾತ್ರ. ಅಂಥ ಕಾರ್ಡು ಫೈಲು ಇಡಲು ಆಗುತ್ತದೆ, ವಿಂಡೋಸ್ ಶುರುಮಾಡಲು ಆಗುವುದಿಲ್ಲ.

ಕಾರ್ಡಿನ ಪರದೆ ಬಂದರೂ ಬೂಟ್ ಆಗದಿದ್ದರೆ ಬೋರ್ಡಿನ ಬಯೋಸ್‌ಗೆ ಹೋಗಿ. ಬೂಟ್ ಕ್ರಮದಲ್ಲಿ ಕಾರ್ಡು 'ಸ್ಕಸಿ' ಅನ್ನುವ ಹೆಸರಿನಲ್ಲಿ ಅಡಗಿರುತ್ತದೆ. ಕೆಲವದರಲ್ಲಿ 'ಆಡ್-ಇನ್ ಕಾರ್ಡ್' ಅಂತ ಇರುತ್ತದೆ. ಅದನ್ನು ಮೇಲೆ ತನ್ನಿ. ಹಾಗೇ 2032 ನಂಬರಿನ ಗುಂಡು ಬ್ಯಾಟರಿಯನ್ನೂ ಬದಲಿಸಿ. ಅದು ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಬಯೋಸ್ ಈ ಕ್ರಮವನ್ನು ಮರೆಯುತ್ತದೆ. ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ಲೆಕ್ಕ ಇದೆಯೇ!

ಹೆಜ್ಜೆ 6: ಎಷ್ಟು ದೊಡ್ಡ ಡಿಸ್ಕ್?

ಹಳೇ ಕಂಪ್ಯೂಟರುಗಳಿಗೆ 137 ಜಿಬಿ ಅನ್ನುವ ಒಂದು ಗೋಡೆ ಉಂಟು. ಡಿಸ್ಕಿನ ವಿಳಾಸ ಬರೆಯಲು ಆಗ 28 ಬಿಟ್ ಮಾತ್ರ ಇಟ್ಟಿದ್ದರು. ಒಂದೊಂದು ವಿಳಾಸಕ್ಕೆ 512 ಬೈಟು. ಗುಣಿಸಿದರೆ 137 ಜಿಬಿಗೆ ನಿಲ್ಲುತ್ತದೆ. ಆಮೇಲೆ 48 ಬಿಟ್ ಬಂತು. ಎಕ್ಸ್‌ಪಿಗೆ ಅದು ಸರ್ವಿಸ್ ಪ್ಯಾಕ್ 1ರಲ್ಲಿ ಸಿಕ್ಕಿತು. ವಿಂಡೋಸ್ 98ಕ್ಕೆ ಸಿಗಲೇ ಇಲ್ಲ. ಗೋಡೆ ದಾಟುವ ಶಕ್ತಿ ಇಲ್ಲದ ವಿಂಡೋಸಿಗೆ ದೊಡ್ಡ ಡಿಸ್ಕ್ ಕೊಟ್ಟರೆ ಮೊದಲು ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. 137 ದಾಟಿದ ದಿನ ಅದು ಡಿಸ್ಕಿನ ಆರಂಭಕ್ಕೆ ತಿರುಗಿ ಬಂದು ಅಲ್ಲಿದ್ದದ್ದರ ಮೇಲೆ ಬರೆಯುತ್ತದೆ. ಫೈಲು, ಫೋಲ್ಡರ್ ಎಲ್ಲ ಹೋಗುತ್ತದೆ.

ಹಾಗಾಗಿ ಯಾರು ಕೇಳಿದರೂ ನಾನು 120 ಅಥವಾ 128 ಜಿಬಿಯ ಎಸ್‌ಎಸ್‌ಡಿ ಅನ್ನುತ್ತೇನೆ. ಗೋಡೆಯ ಒಳಗೇ ಇರುತ್ತದೆ. 40 ಜಿಬಿ ಇದ್ದ ಮನೆಗೆ ಅದು ಮೂರು ಪಟ್ಟು. ತಿರುಗುವ ಭಾಗ ಇಲ್ಲ, ಶಬ್ದ ಇಲ್ಲ, ಬಿಸಿ ಕಡಿಮೆ. ಪಿಸಿಐಯ ನೂರು ಎಂಬಿಯಲ್ಲೇ ಇದ್ದರೂ ಅದು ಬೇಗ ಅನ್ನಿಸುವುದಕ್ಕೆ ಬೇರೆ ಕಾರಣ ಉಂಟು. ಹಳೇ ಡಿಸ್ಕಿನ ಸೂಜಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಹತ್ತು ಹನ್ನೆರಡು ಮಿಲಿಸೆಕೆಂಡು ಬೇಕು. ಎಸ್‌ಎಸ್‌ಡಿಗೆ ಅದರ ನೂರರಲ್ಲಿ ಒಂದು ಭಾಗ ಸಾಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲು ಓದುತ್ತದಲ್ಲ, ಅಲ್ಲಿ ಇದು ಗೊತ್ತಾಗುತ್ತದೆ.

ಎಕ್ಸ್‌ಪಿಯಲ್ಲಿ ಎಸ್‌ಎಸ್‌ಡಿಗೆ ಎರಡು ಕೆಲಸ ಮಾಡಿ. ಪಾರ್ಟಿಷನನ್ನು (ಡಿಸ್ಕಿನ ಜಾಗವನ್ನು ಭಾಗ ಮಾಡುವುದು) ಎಕ್ಸ್‌ಪಿಯಲ್ಲಿ ಮಾಡಬೇಡಿ, ವಿಂಡೋಸ್ 7 ಅಥವಾ ಲಿನಕ್ಸ್‌ನಲ್ಲಿ ಮಾಡಿ. ಎಕ್ಸ್‌ಪಿ ಅದನ್ನು 63ನೇ ಸೆಕ್ಟರಿನಿಂದ ಶುರುಮಾಡುತ್ತದೆ, ಅದು ಎಸ್‌ಎಸ್‌ಡಿಯ ಒಳಗಿನ ಅಳತೆಗೆ ಹೊಂದುವುದಿಲ್ಲ. ಹೊಸವು 2048ರಿಂದ ಶುರುಮಾಡುತ್ತವೆ. ಇನ್ನೊಂದು, ಕೊನೆಯ ಹತ್ತು ಹದಿನೈದು ಜಿಬಿಯನ್ನು ಖಾಲಿ ಬಿಡಿ. ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ಹೇಳುವ ವ್ಯವಸ್ಥೆ ಎಕ್ಸ್‌ಪಿಯಲ್ಲಿ ಇಲ್ಲ. ಖಾಲಿ ಜಾಗ ಇದ್ದರೆ ಅದು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ.

ಹೆಜ್ಜೆ 7: ಡ್ರೈವರ್ ಮೊದಲು, ಡಿಸ್ಕ್ ಆಮೇಲೆ

ಹೆಚ್ಚಿನವರು ಸೋಲುವುದು ಇಲ್ಲಿ. ಹಳೇ ಡಿಸ್ಕನ್ನು ಹೊಸದಕ್ಕೆ ಹಾಗೇ ಕಾಪಿ ಮಾಡಿ, ಕಾರ್ಡಿಗೆ ಸಿಕ್ಕಿಸಿ ಆನ್ ಮಾಡುತ್ತಾರೆ. ನೀಲಿ ಪರದೆ, ಕೊನೆಯಲ್ಲಿ 7ಬಿ ಅನ್ನುವ ನಂಬರ್. ಕಾರ್ಡಿನ ಡ್ರೈವರ್ ಇಲ್ಲದೆ ವಿಂಡೋಸಿಗೆ ತನ್ನ ಡಿಸ್ಕೇ ಸಿಗುತ್ತಿಲ್ಲ ಅಂತ ಅದರ ಅರ್ಥ.

ಸರಿಯಾದ ಕ್ರಮ ಹೀಗೆ. ಹೆಜ್ಜೆ 1ರ ಕಾಪಿ ಕೈಯಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಹಳೇ ಡಿಸ್ಕ್ ತನ್ನ ಜಾಗದಲ್ಲೇ ಇರಲಿ. ಕಾರ್ಡನ್ನು ಮಾತ್ರ ಸ್ಲಾಟಿಗೆ ಕೂರಿಸಿ. ಎರಡೂ ಕಡೆ ಸಮವಾಗಿ ಒತ್ತಿ, ಸ್ಕ್ರೂ ಹಾಕಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಸ್ಲಾಟು ಮತ್ತು ಕಾರ್ಡಿನ ಅಂಚು ಮಂಕಾಗಿರುತ್ತದೆ. ಕಾರ್ಡಿನ ಚಿನ್ನದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಒರೆಸಿ ಹಾಕಿ. ಹಳೇ ಡಿಸ್ಕಿನಿಂದಲೇ ವಿಂಡೋಸ್ ಶುರುಮಾಡಿ, ಕಾರ್ಡಿಗೆ ಡ್ರೈವರ್ ಹಾಕಿ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿಲ್ಲದೆ ಕಾಣಬೇಕು. ಆಫ್ ಮಾಡಿ, ಎಸ್‌ಎಸ್‌ಡಿಯನ್ನು ಕಾರ್ಡಿಗೆ ಸಿಕ್ಕಿಸಿ, ಮತ್ತೆ ಆನ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೊಸ ಡಿಸ್ಕ್ ಕಂಡರೆ ಡ್ರೈವರ್ ಕೂತಿದೆ. ಈಗ ಮಾತ್ರ ಹಳೇ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿ. ಕ್ಲೋನೆಝಿಲ್ಲಾ ಉಚಿತ, ಸಿಡಿಯಿಂದ ಬೂಟ್ ಆಗುತ್ತದೆ. ಸಾದಾ ಕ್ಲೋನ್ ಹಳೇ 63ನೇ ಸೆಕ್ಟರಿನ ಲೆಕ್ಕವನ್ನೇ ತರುತ್ತದೆ. ಮೊದಲೇ ಮಾಡಿಟ್ಟ ಪಾರ್ಟಿಷನ್ನಿಗೆ ಕಾಪಿ ಮಾಡುವುದು ಸ್ವಲ್ಪ ತಿಳಿದವರ ಕೆಲಸ. ಅದು ಆಗದಿದ್ದರೆ ಸಾದಾ ಕ್ಲೋನೇ ಇರಲಿ, ಸ್ವಲ್ಪ ವೇಗ ಕಡಿಮೆಯಾಗುತ್ತದೆ ಅಷ್ಟೆ.

ಕ್ಲೋನ್ ಆದ ಮೇಲೆ ಮೊದಲ ಸಲ ಹೊಸ ಡಿಸ್ಕಿನಿಂದ ಬೂಟ್ ಮಾಡುವಾಗ ಹಳೇ ಡಿಸ್ಕಿನ ಕೇಬಲ್ ಕಿತ್ತಿಡಿ. ಇದನ್ನು ಮರೆಯಲೇಬಾರದು. ಎರಡೂ ಇದ್ದರೆ ಎಕ್ಸ್‌ಪಿ ಸಿ ಅಕ್ಷರವನ್ನು ಹಳೇ ಡಿಸ್ಕಿಗೇ ಕೊಟ್ಟು, ಹೊಸದಕ್ಕೆ ಬೇರೆ ಅಕ್ಷರ ಕೊಡಬಹುದು. ಆಮೇಲೆ ಹಳೇದನ್ನು ತೆಗೆದ ದಿನ ಲಾಗಿನ್ ಆದ ಕೂಡಲೇ ಲಾಗೌಟ್ ಆಗುತ್ತಾ ಸುತ್ತುತ್ತದೆ.

ಎಕ್ಸ್‌ಪಿಯನ್ನು ಹೊಸದಾಗಿಯೇ ಹಾಕುವುದಾದರೆ ಶುರುವಿನಲ್ಲಿ ಎಫ್6 ಒತ್ತಿ, ಫ್ಲಾಪಿಯಿಂದ ಡ್ರೈವರ್ ಕೊಡಬೇಕು. ಈಗ ಒಳ್ಳೆ ಫ್ಲಾಪಿ ಎಲ್ಲಿ ಸಿಗುತ್ತದೆ? ಹಾಗಾಗಿ ಕ್ಲೋನ್ ಮಾಡುವುದೇ ಸುಲಭ. ಲಿನಕ್ಸ್ ಹಾಕುವವರಿಗೆ ಈ ಹೆಜ್ಜೆಯೇ ಬೇಡ. ಪೆಂಟಿಯಂ 4ರಂಥ 32 ಬಿಟ್ ಕಂಪ್ಯೂಟರಿಗೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿ. 13ರಿಂದ ಅವರು 32 ಬಿಟ್‌ನ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದ್ದಾರೆ.

ಹೆಜ್ಜೆ 8: ಪವರ್ ಕೇಬಲ್

ಹಳೇ ಪವರ್ ಸಪ್ಲೈನಲ್ಲಿ ಸಾಟಾ ಪವರ್ ವಯರ್ ಇರುವುದಿಲ್ಲ. ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರನ್ನು ಸಾಟಾಕ್ಕೆ ಮಾಡುವ ಒಂದು ತುಂಡು ಕೇಬಲ್ ಬೇಕು. ಎಲ್ಲಕ್ಕಿಂತ ಅಗ್ಗದ ಸಾಮಾನು ಅದು. ನಾನು ತಪ್ಪಿದ್ದು ಅಲ್ಲೇ.

ಕಾರ್ಡು ಕೊಟ್ಟ ಅಂಗಡಿಯಲ್ಲೇ ಒಂದು ಕೇಬಲ್ ತೆಗೆದುಕೊಂಡಿದ್ದೆ. ಕ್ಲೋನ್ ನಡೆಯುತ್ತಿತ್ತು, ಅರ್ಧ ಆಗಿತ್ತು. ದೊಡ್ಡಮ್ಮ ಒಳಗಿಂದ ಬಂದು "ಏನೋ ಕರಟಿದ ವಾಸನೆ ಬರ್ತಾ ಉಂಟಲ್ಲ?" ಅಂದರು. ಒಲೆ ಮೇಲೆ ಏನೂ ಇರಲಿಲ್ಲ. ಪೆಟ್ಟಿಗೆಗೆ ಮೂಗು ಹಿಡಿದೆ. ಪ್ಲಗ್ ಕಿತ್ತೆ. ಸಾಟಾ ಕನೆಕ್ಟರಿನ ಕಪ್ಪು ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಮೇಣದ ಹಾಗೆ ಇಳಿದಿತ್ತು. ಹಳದಿ ವಯರ್ ಒಳಗೆ ಹೋಗುವ ಕಡೆ ಕಂದು ಬಣ್ಣ. ಡಿಸ್ಕಿಗೆ ಏನೂ ಆಗಲಿಲ್ಲ. ಕೋಣೆಯಲ್ಲಿ ಯಾರೂ ಇಲ್ಲದೆ ಇದ್ದಿದ್ದರೆ ಅಂತ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಆ ಕೇಬಲನ್ನು ಬ್ಲೇಡಿನಿಂದ ಕೊಯ್ದು ನೋಡಿದೆ. ಕನೆಕ್ಟರಿನ ಮೇಲೆ ಪ್ಲಾಸ್ಟಿಕ್ಕನ್ನು ಒಂದೇ ಗಡ್ಡೆಯಾಗಿ ಎರಕ ಹೊಯ್ದಿದ್ದರು. ಎರಕ ಹೊಯ್ಯುವಾಗ ಒಳಗಿನ ವಯರುಗಳು ಸರಿದು 12 ವೋಲ್ಟಿನ ಹಳದಿ ಎಳೆ ಪಕ್ಕದ ಕಪ್ಪು ಎಳೆಗೆ ಹತ್ತಿರ ಬಂದಿತ್ತು. ಬಿಸಿಗೆ ಮಧ್ಯದ ಪ್ಲಾಸ್ಟಿಕ್ ಮೆತ್ತಗಾಗಿ ಎರಡೂ ತಾಗಿದವು. ಒಳ್ಳೆಯ ಕೇಬಲಿನಲ್ಲಿ ಕನೆಕ್ಟರ್ ಎರಡು ತುಂಡಿನದು. ಪ್ರತಿ ವಯರೂ ಅದರದ್ದೇ ಸೀಳಿನಲ್ಲಿ ಕೂತಿರುತ್ತದೆ, ಹಿಂದಿನಿಂದ ಒಂದು ಮುಚ್ಚಳ ಒತ್ತಿ ಕೂರಿಸಿರುತ್ತಾರೆ. ಹಿಂದೆ ತಿರುಗಿಸಿ ನೋಡಿದರೆ ಸೀಳು, ಮುಚ್ಚಳದ ಗೆರೆ ಕಾಣುತ್ತದೆ. ನಯವಾದ ಒಂದೇ ಗಡ್ಡೆಯಾಗಿದ್ದರೆ ಅದನ್ನು ತೆಗೆದುಕೊಳ್ಳಬೇಡಿ, ಪುಕ್ಕಟೆ ಕೊಟ್ಟರೂ ಬೇಡ.

ಪವರ್ ಸಪ್ಲೈ ಕೂಡ ಹಳತು ಅಂತ ಮರೆಯಬೇಡಿ. ಫ್ಯಾನು ತಿರುಗುತ್ತದಾ, ಒಳಗೆ ಹಲ್ಲಿ, ಇರುವೆ ಗೂಡು ಮಾಡಿದೆಯಾ ಹೊರಗಿನಿಂದಲೇ ಟಾರ್ಚ್ ಹಾಕಿ ನೋಡಿ. ಅದರ ಪೆಟ್ಟಿಗೆ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕೊಲ್ಲುವಷ್ಟು ಕರೆಂಟು ಇರಬಹುದು. ಅನುಮಾನ ಇದ್ದರೆ ಹೊಸದು ಹಾಕಿ, ಹೊಸದರಲ್ಲಿ ಸಾಟಾ ವಯರ್ ಇರುವುದರಿಂದ ಈ ಅಡಾಪ್ಟರ್ ತೊಂದರೆಯೇ ಇಲ್ಲ.

ಆದ ಮೇಲೆ

ಹೊಸ ಡಿಸ್ಕಿನಿಂದ ಎರಡು ವಾರ ಓಡಿಸಿ. ಬರಹ ತಂತ್ರಾಂಶ, ಪೇಜ್‌ಮೇಕರ್, ಲೆಕ್ಕದ ಫೈಲು ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿ, ಪ್ರಿಂಟ್ ಕೊಟ್ಟು ನೋಡಿ. ದೊಡ್ಡಪ್ಪ ಮೊದಲು ತೆರೆದದ್ದು ಪ್ರಸಂಗದ ಫೈಲು. ಎಲ್ಲ ಪದ್ಯಗಳನ್ನೂ ಕೊನೆಯವರೆಗೆ ಇಳಿಸಿ ನೋಡಿ, ರಾಗ-ತಾಳದ ಹೆಸರು ಸರಿ ಇದೆ ಅಂತ ಖಾತ್ರಿಯಾದ ಮೇಲೆ ಕುರ್ಚಿಯಿಂದ ಎದ್ದರು.

ಹಳೇ ಡಿಸ್ಕನ್ನು ಬಿಸಾಡಬೇಡಿ. ಒಂದು ಜಿಪ್ ಕವರಿನಲ್ಲಿ ಹಾಕಿ, ತೇವ ಹೀರುವ ಸಣ್ಣ ಪೊಟ್ಟಣ ಎರಡು ಜೊತೆಗಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತದಲ್ಲ, ಅದೇ. ಜಂಪರ್ ಯಾವ ಜಾಗದಲ್ಲಿತ್ತು, ತೆಗೆದ ದಿನ ಯಾವುದು, ಯಾವ ಕಂಪ್ಯೂಟರಿನದು ಅಂತ ಚೀಟಿ ಬರೆದು ಅಂಟಿಸಿ. ಹಾಗೇ ಕಾರ್ಡಿನ ಚಿಪ್ಪಿನ ನಂಬರನ್ನೂ ಕಂಪ್ಯೂಟರ್ ಪೆಟ್ಟಿಗೆಯ ಒಳಬದಿಯಲ್ಲಿ ಮಾರ್ಕರಿನಿಂದ ಬರೆದಿಡಿ, ಡ್ರೈವರನ್ನು ಒಂದು ಸಿಡಿಗೆ ಬರೆದು ಅಲ್ಲೇ ಅಂಟಿಸಿ. ಮುಂದಿನ ಸಲ ಮುಚ್ಚಳ ತೆಗೆಯುವವರು ನೀವಲ್ಲದೆಯೂ ಇರಬಹುದು.